ಶಿರಹಟ್ಟಿಯಲ್ಲಿ ಸಾಯಲಾಗದ ಸೇನಾಪತಿ

ಎಲ್ಲವೂ ಗೆರೆ ಎಳೆದ ಹಾಗೆ ನಡೆಯಬೇಕು ಎನ್ನುವವನನ್ನೇ ನಗೆಪಾಟಲಿನ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ನನ್ನ ಬೆನ್ನಿಗೆ ಬಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ನಾಟಕದ ಸುತ್ತ ನಡೆದವು.

ಸ್ವಾತಂತ್ರ್ಯ ಬಂದ ಮರುವರ್ಷ. ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರುತ್ತಿದ್ದ ಕಾಲ. ಮನೆಮಾತು ಕನ್ನಡವಾದರೂ ಮುಂಬಯಿಯ ಮಿಶನರಿ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಕಲಿತ ನಾನು ಶಿರಹಟ್ಟಿಯ ಒಂದು ಶಾಲೆಗೆ ಇಂಗ್ಲಿಷ್ ಮಾಸ್ತರನಾಗಿ ಬಂದಿದ್ದೆ. ಒಂದು ವರ್ಷ ಹಂಗಾಮಿ ಕೆಲಸ. ಕಾಯಂ ಆಗದಿದ್ದರೆ ಮತ್ತೆ ಮುಂಬಯಿಯ ಚಾಳಿನಲ್ಲಿ ಅಣ್ಣನ ಹಂಗಿನ ಅನ್ನ. ಶಾಲಾ ಕಮಿಟಿಯ ಅಧ್ಯಕ್ಷರು ಮುಚ್ಚುಮರೆಯಿಲ್ಲದೆ ಹೇಳಿದ್ದರು:

"ಮಾಸ್ತರ, ನೀವು ಕಲಿಸೂದು ಚಲೋ ಐತಿ, ಖರೆ. ಆದ್ರ ಹೊರಗಿನವ್ರು. ಊರಿಗೆ ಒಗ್ಗಿಲ್ಲ. ಗ್ಯಾದರಿಂಗ್ ಮುಗೀಲಿ, ನೋಡೂಣು."

ಗ್ಯಾದರಿಂಗ್ ಎಂದರೆ ಶಾಲೆಯ ವಾರ್ಷಿಕೋತ್ಸವ. ಅದಕ್ಕೆ ನಾನು ಆರಿಸಿದ್ದು ಇಂಗ್ಲಿಷಿನ ಒಂದು ಹಳೆಯ ದುರಂತ. ಪರದೇಶದ ಪಟ್ಟಣದಲ್ಲಿ ಸೇನಾಪತಿಯಾದ ಒಬ್ಬ ಕರಿಯ. ಯಾರದೋ ಚಾಡಿ ನಂಬಿ ಹೆಂಡತಿಯನ್ನು ಕೊಂದು ತಾನೂ ಸಾಯುತ್ತಾನೆ. ಕನ್ನಡಿಸಿದವನು ನಾನೇ. ಒಂದು ಅಕ್ಷರ ಅತ್ತಿತ್ತ ಆಗಕೂಡದೆಂದು ಪಾತ್ರಧಾರಿಗಳಿಗೆಲ್ಲ ಎಚ್ಚರಿಸಿದ್ದೆ.

೧. ಹೊರಗಿನವ ಅಂದ್ರ

ಮೊದಲ ತಾಲೀಮಿಗೆ ಅಧ್ಯಕ್ಷರೇ ಬಂದು ಕುಳಿತರು. ನಾನು ವಿವರಿಸಿದೆ: "ಈ ಸೇನಾಪತಿಯ ದುರಂತದ ಬೇರು ಇವನು ಹೊರಗಿನವನು ಎಂಬುದರಲ್ಲಿದೆ."

"ಹೊರಗಿನವ ಅಂದ್ರ ಯಾವೂರಾಂವ್ರಿ? ಮುಂಡರಗಿಯಾಂವೇನು?"

"ಅಲ್ಲ, ಸಮುದ್ರದಾಚೆಯವನು."

"ಅದಕ್ಕ ಸಮುದ್ರ ಯಾಕ್ ಬೇಕ್ರೀ? ಮೊನ್ನಿ ಮೊನ್ನಿ ತನಕ ಇಲ್ಲಿಂದ ಗದಗಿಗೆ ಹೊಂಟ್ರ ಇಂಗ್ರೇಜಿ ಸರಕಾರ. ಲಕ್ಷ್ಮೇಶ್ವರಕ್ಕ ಹೊಂಟ್ರ ಬ್ಯಾರೆ ಸಂಸ್ಥಾನ. ಸಿಂಗಟಾಲೂರಾಗ ಹೊಳಿ ದಾಟಿದ್ರ ಮದ್ರಾಸು, ಮುಂಡರಗಿ ದಾಟಿದ್ರ ನಿಜಾಮ. ನನ್ನ ಮಗಳನ್ನ ಅರ್ಧ ದಿನದ ಗಾಡಿದಾರಿ ಊರಿಗೆ ಕೊಟ್ಟೇನಿ, ಆಕಿ ಪರರಾಜ್ಯಕ್ಕ ಹ್ವಾದ್ಲು. ನಮ್ಮಲ್ಲಿ ಅಳಿಯಂದಿರೆಲ್ಲಾ ಹೊರಗಿನವ್ರ. ಅವರಿಂದ ನಾವು ಸಾಯಾಕತ್ತೇವಿ, ಅವರ್‍ಯಾರೂ ಸತ್ತಿಲ್ಲ!"

೨. ಬಣ್ಣ

ಸೇನಾಪತಿಯ ಪಾತ್ರಕ್ಕೆ ನಮ್ಮ ಡ್ರಿಲ್ ಮಾಸ್ತರನನ್ನು ಆರಿಸಿದೆ. ಅವನೂ ಹೊರಗಿನವನೇ; ನಿಜಾಮನ ಕಡೆಯ ಗಲಾಟೆಗೆ ಊರು ಬಿಟ್ಟು ಬಂದವನು. ಬಣ್ಣ ಬಳಿಯಲು ಬೆಟಗೇರಿಯಿಂದ ನಾಟಕ ಕಂಪನಿಯ ಮುದುಕನೊಬ್ಬನನ್ನು ಕರೆಸಿದ್ದೆ. ಗ್ಯಾದರಿಂಗಿನ ದಿನ ಆತ ಹನ್ನೆರಡು ಪಾತ್ರಧಾರಿಗಳನ್ನು ಸಾಲಾಗಿ ನಿಲ್ಲಿಸಿ, ಒಂದು ಸುತ್ತು ನೋಡಿ ಕೇಳಿದ: "ಸಾಹೇಬ್ರ, ಇದರಾಗ ಕರಿಯಾಂವ ಯಾರ್‍ರೀ?"

ಆಗಲೇ ನಾನೂ ಗಮನಿಸಿದ್ದು. ಇದ್ದವರಲ್ಲೆಲ್ಲ ಡ್ರಿಲ್ ಮಾಸ್ತರನೇ ಕೆಂಪಗಿದ್ದ. ಅವನನ್ನು 'ಕರಿಯ' ಎಂದು ಹಳಿಯಬೇಕಾದ ಹನ್ನೊಂದು ಜನ ಎರೆಹೊಲದ ಕಪ್ಪು ಮಣ್ಣಿನ ಬಣ್ಣದವರು.

ತತ್ತ್ವವೆಂದರೆ ತತ್ತ್ವ. ಒಬ್ಬನಿಗೆ ಮಸಿ, ಹನ್ನೊಂದು ಜನಕ್ಕೆ ಪೌಡರು. ನಾಟಕ ಮಧ್ಯಾಹ್ನ ಮೂರು ಗಂಟೆಗೆ ಎಂದಿದ್ದೆ, ಮೂರಕ್ಕೇ ಶುರು ಮಾಡಿದೆ. ಅಂಗಳದ ಬಿಸಿಲಿಗೆ ಎರಡನೆಯ ಅಂಕದಲ್ಲಿ ಮಸಿಯೂ ಪೌಡರೂ ಬೆವರಲ್ಲಿ ಇಳಿದು ಹನ್ನೆರಡೂ ಜನ ಒಂದೇ ಬಣ್ಣವಾದರು. ಅವರ ಮುಖ ಮತ್ತೆ ಮತ್ತೆ ತಿದ್ದಲು ಹೋಗಿ ಪೌಡರಿನ ಡಬ್ಬಿಯೆಲ್ಲ ನನ್ನ ಮೈಮೇಲೆ ಚೆಲ್ಲಿಕೊಂಡಿದ್ದೆ.

ಮುಂದಿನ ಸಾಲಿನಲ್ಲಿ ಒಬ್ಬ ಕೇಳಿದ: "ಲೇ, ಇವರಾಗ ಪರದೇಶದಾಂವ ಯಾರಲೇ?"

ಮಗ್ಗುಲಲ್ಲಿದ್ದವ ಪರದೆಯ ಸಂದಿ ತೋರಿಸಿದ: "ಕಾಣ್ಸವಲ್ತೇನು? ಅಲ್ಲಿ ಬೆಳ್ಳಗ ನಿಂತು ಎಲ್ಲಾರ್‍ನೂ ಬೈಯಾಕತ್ತಾನ ನೋಡು, ಅಂವ!"

೩. ಆಹೇರಿ

ಈ ಕಡೆಯ ನಾಟಕಗಳಲ್ಲಿ ಆಹೇರಿ ಎಂಬ ಪದ್ಧತಿ ಇದೆ. ಆಟ ನಡೆಯುತ್ತಿರುವಾಗಲೇ ಬಂಧು ಬಳಗದವರು ರಂಗದ ಮೇಲೆ ಹತ್ತಿ, ಮೆಚ್ಚಿದ ಪಾತ್ರಧಾರಿಗೆ ರುಮಾಲು ಸುತ್ತಿ ತೆಂಗಿನಕಾಯಿ ಕೊಡುತ್ತಾರೆ. ಸತ್ತ ಪಾತ್ರ ಎದ್ದು ಕೂತು ಆಹೇರಿ ತೆಗೆದುಕೊಂಡು ಮತ್ತೆ ಸತ್ತದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾಗಿ ಒಂದು ಸೂಚನೆ ಬರೆದು, ಎರಡನೆಯ ಅಂಕ ಮುಗಿದೊಡನೆ ಅಧ್ಯಕ್ಷರಿಂದಲೇ ಓದಿಸಿದೆ: 'ನಾಟಕದ ನಡುವೆ ಆಹೇರಿ ಮಾಡುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.'

ಅಧ್ಯಕ್ಷರು ಕಾಗದ ಮಡಚಿ ಕಿಸೆಗಿಟ್ಟು, "ಇಷ್ಟು ಖಡಕ್ ಸೂಚನಾ ಈ ಊರಾಗ ಯಾರೂ ಬರೆದಿದ್ದಿಲ್ಲ" ಎಂದವರೇ ನನ್ನನ್ನು ಎಳೆದು ತಂದು, ರಂಗದ ನಡುವೆ ನಿಲ್ಲಿಸಿ, ಮೊದಲ ರುಮಾಲು ನನಗೇ ಸುತ್ತಿದರು.

೪. ಕೊನೆಯ ಅಂಕ

ಸೇನಾಪತಿಯ ಹೆಂಡತಿಯಾಗಿದ್ದವರು ನಮ್ಮ ಕನ್ನಡ ಪಂಡಿತರು, ಮೀಸೆ ಬೋಳಿಸಿಕೊಂಡು. ಅವರು ಮಂಚದ ಮೇಲೆ ಮಲಗಿದ್ದಾರೆ. ಡ್ರಿಲ್ ಮಾಸ್ತರ ದಿಂಬು ಹಿಡಿದು ಬಗ್ಗಿದ್ದಾನೆ. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೇನೆ. ಅಷ್ಟರಲ್ಲಿ ಅಧ್ಯಕ್ಷರ ಅವ್ವ ಖಣ, ಅಕ್ಕಿ, ತೆಂಗಿನಕಾಯಿ ಹಿಡಿದು ಸೇನಾಪತಿಯ ಹೆಂಡತಿಯ ಮಡಿಲಿಗೆ ಉಡಿ ತುಂಬಲು ರಂಗ ಹತ್ತಿಯೇಬಿಟ್ಟರು.

"ತಡಿಯೋ ತಮ್ಮಾ. ಹೆಂಡ್ತಿ ಮ್ಯಾಲೆ ಸಂಶೇ ಬಂದ್ರ ಒಬ್ಬ ಚಾಡಿಕೋರನ ಮಾತ ಕೇಳೂದೇನು? ಬಾಜೂಮನಿಯವ್ರನ್ನ ಒಂದು ಮಾತು ಕೇಳಬಾರದಾ?"

ಡ್ರಿಲ್ ಮಾಸ್ತರನಿಗೆ ನಾನು ಬರೆದ ಮಾತುಗಳೆಲ್ಲ ಮರೆತುಹೋದವು. ದಿಂಬು ಹಿಡಿದೇ, ತನ್ನ ಸ್ವಂತ ದನಿಯಲ್ಲಿ ಹೇಳಿದ: "ನನಗ ಈ ಊರಾಗ ಯಾರದಾರಬೇ ಕೇಳಾಕ?"

ಅವ್ವ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಮಂಚದ ಮೇಲಿಟ್ಟರು.

"ಯಾಕ, ನಾವೇನು ಸತ್ತೇವೇನು? ದಿಂಬು ಕೆಳಗಿಡು!"

ಇಟ್ಟ. ಪಂಡಿತರು ಒಂದು ಕಣ್ಣು ತೆರೆದು ಕೇಳಿದರು: "ಅವ್ವಾ, ನಾ ಮಲಗಲೋ, ಏಳಲೋ?"

"ಏಳು. ಮನ್ಯಾಗ ಇಷ್ಟೆಲ್ಲಾ ರಂಪ ನಡದೈತಿ, ಹಾಡಹಗಲ ಮಲಗ್ಯಾಳ!"

ನಾನು ರುಮಾಲು ಸುತ್ತಿಕೊಂಡೇ ರಂಗಕ್ಕೆ ಓಡಿದೆ. "ಅಮ್ಮಾ, ದಯವಿಟ್ಟು ಕೆಳಗಿಳಿಯಿರಿ. ಆಕೆ ಸಾಯಲೇಬೇಕು!"

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೆಳಗೆ ಕುಳಿತ ಮಗನನ್ನು ಕೇಳಿದರು: "ಈಂವ ಯಾರೋ?"

"ಇಂಗ್ಲಿಷ್ ಮಾಸ್ತರಬೇ. ಮುಂಬೈಯಾಂವ."

"ಒಬ್ಬನ ಇರ್‍ತಾನೇನು?"

"ಒಬ್ಬನ. ತಾನ ಬೇಸಕೊಂಡು ತಿಂತಾನ."

"ಹಂಗಾರ ಇಂವಂದೇನು ತಪ್ಪಿಲ್ಲ ಬಿಡು" ಎಂದರು ಅವ್ವ. "ಒಬ್ಬನ ಕುಂತು ಉಣ್ಣಾಂವಗ ಇಂಥಾವ ಹೊಳೀತಾವು."

ಯಾರೂ ಸಾಯದೆ ನಾಟಕ ಅಲ್ಲಿಗೇ ಮುಗಿಯಿತು. ಕೆಲಸ ಹೋಯಿತೆಂದುಕೊಂಡೇ ಟ್ರಂಕು ಕಟ್ಟಿದೆ. ಮರುದಿನ ಕಮಿಟಿಯ ಠರಾವು, ಅಂದರೆ ನಿರ್ಣಯ, ಬಂತು. ಊರು ಸಾಕಿದ ಋಣಕ್ಕೆ ಸಾಕ್ಷಿಯಾಗಿ ಅದನ್ನು ಇಂದಿಗೂ ಕಟ್ಟು ಹಾಕಿಸಿ ಗೋಡೆಯ ಮೇಲಿಟ್ಟಿದ್ದೇನೆ:

'ಸದರಿ ಮಾಸ್ತರರು ಹೊರಗಿನವರಾಗಿದ್ದು, ಒಬ್ಬರನ್ನೇ ಬಿಟ್ಟಲ್ಲಿ ಪುನಃ ಇಂಥದೇ ನಾಟಕ ಬರೆಯುವ ಸಂಭವವಿರುವುದರಿಂದ, ಅವರನ್ನು ಈ ಕೂಡಲೇ ಕಾಯಂ ಮಾಡಿ, ಅವರು ದಿನಾಲೂ ರಾತ್ರಿಯ ಊಟಕ್ಕೆ ಅಧ್ಯಕ್ಷರ ಮನೆಯಲ್ಲಿ ತಪ್ಪದೆ ಹಾಜರಿರತಕ್ಕದ್ದೆಂದು ಠರಾಯಿಸಲಾಗಿದೆ.'