ದಿನವೂ ಜನವರಿ ಒಂದು

ಪಾವಗಡದ ಗಡಿಯಂಚಿನ ಬೋಡಬಂಡೆಪಲ್ಲಿಯ ವಯಸ್ಸು ಮತ್ತು ವಾಸ ದೃಢೀಕರಣ ಉಪಕೇಂದ್ರದಲ್ಲಿ ನಿನ್ನೆ ಎರಡು ಸಾವಿರದ ಒಂಬತ್ತನೇ ಇಸವಿಯ ಜನವರಿ ಒಂದನೇ ತಾರೀಕು, ಗುರುವಾರವಾಗಿತ್ತು. ಇಂದೂ ಅದೇ ಗುರುವಾರ. ಬೇರೆ ಆದೇಶ ಬರುವ ತನಕ ನಾಳೆಯೂ ಅದೇ ಆಗಿರತಕ್ಕದ್ದು. ಊರವರೆಲ್ಲ ಇದಕ್ಕೆ ಒಗ್ಗಿಕೊಂಡಿದ್ದಾರೆ.

ಒಗ್ಗಿಕೊಳ್ಳಲು ಸ್ವಲ್ಪ ತಡ ಮಾಡಿದವಳೆಂದರೆ ವೇದಾವತಿ. ಸಿರಾದ ತಾವರೆಕೆರೆ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಇಪ್ಪತ್ತೈದು ದಾಟಿದವಳು, ನಾಲ್ಕು ವರ್ಷದ ಭವ್ಯಳ ತಾಯಿ. ದಿನಾ ಬೆಳಗಾಗುವ ಮುಂಚೆ ಗಾರ್ಮೆಂಟ್ಸ್ ವ್ಯಾನು ಹತ್ತಿದರೆ ರಾತ್ರಿ ವಾಪಸ್ ಬಂದು ಇಳಿಯುವ ಹೊತ್ತಿಗೆ ಮಗಳು ನಿದ್ದೆ ಹೋಗಿರುತ್ತಿದ್ದಳು. ಊರಿನ ಅಂಗನವಾಡಿಯಲ್ಲಿ ಟೀಚರ್ ಕೆಲಸ ಖಾಲಿಯಾದಾಗ ಅವಳ ಎದೆ ಹಗುರಾಯಿತು. ಕೆಲಸ ಸಿಕ್ಕರೆ ಮಗಳು ಕಣ್ಣೆದುರಿಗೇ ಇರುತ್ತಾಳೆ. ಅರ್ಜಿಗೆ ವಯಸ್ಸಿನ ಸರ್ಟಿಫಿಕೇಟೊಂದು ಬೇಕಿತ್ತು, ಶುಕ್ರವಾರ ಕೊನೆಯ ದಿನ. ಸರ್ಟಿಫಿಕೇಟ್ ತರಲು ಉಪಕೇಂದ್ರಕ್ಕೆ ಹೋದವಳಿಗೆ ಬಾಗಿಲ ಮೇಲೆ ಈ ಪ್ರಕಟಣೆ ಕಂಡಿತು:

‘ಸಾರ್ವಜನಿಕರ ಗಮನಕ್ಕೆ. ಎಫ್ ಒನ್ ಗುಂಡಿಯು ಪೂಜೆಯಲ್ಲಿರುವುದರಿಂದ ಪ್ರಮಾಣಪತ್ರಗಳನ್ನು ನೀಡಲಾಗುವುದಿಲ್ಲ. ಗುಂಡಿಯನ್ನು ಒತ್ತಲು ಯತ್ನಿಸುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.’

ವಿಷಯ ಇಷ್ಟೇ. ಉಪಕೇಂದ್ರಕ್ಕೆ ಇರುವುದು ಒಂದೇ ಲ್ಯಾಪ್‌ಟಾಪ್. ಯಾವುದೋ ದೊಡ್ಡ ಕಚೇರಿಯಲ್ಲಿ ಸವೆದು, ಅಲ್ಲಿಂದ ಚಿಕ್ಕ ಕಚೇರಿಗೆ, ಅಲ್ಲಿಂದ ಇನ್ನೂ ಚಿಕ್ಕ ಕಚೇರಿಗೆ ವರ್ಗವಾಗಿ ಕೊನೆಗೆ ಇಲ್ಲಿಗೆ ಬಂದು ಬಿದ್ದಿತ್ತು. ಅಲ್ಲಿನ ನೌಕರರೂ ಹಾಗೆಯೇ ಬಂದವರಾದ್ದರಿಂದ ಹೊಂದಾಣಿಕೆ ಚೆನ್ನಾಗಿತ್ತು. ಅದರೊಳಗೆ ತಾರೀಕು ನೆನಪಿಟ್ಟುಕೊಳ್ಳಲೆಂದೇ ಇರುವ ಪುಟ್ಟ ಬಿಲ್ಲೆ ಬ್ಯಾಟರಿ ಸತ್ತುಹೋಗಿತ್ತು. ಹಾಗಾಗಿ ಆನ್ ಮಾಡಿದಾಗಲೆಲ್ಲ ತಾರೀಕು ಮರೆತುಹೋಗಿದೆ, ಮುಂದುವರಿಯಲು ಎಫ್ ಒನ್ ಒತ್ತಿ ಎಂದು ಕಪ್ಪು ಪರದೆಯ ಮೇಲೆ ಬರುತ್ತಿತ್ತು. ಒತ್ತೋಣವೆಂದರೆ ಎಫ್ ಒನ್ ಜಪ್ಪಯ್ಯ ಎಂದರೂ ಕೆಳಗಿಳಿಯದು. ಅಟೆಂಡರ್ ರುದ್ರಯ್ಯ ಆಯುಧಪೂಜೆಯ ದಿನ ಕೀಬೋರ್ಡಿನ ಮೇಲಿನ ಸಾಲಿಗೆ ಧಾರಾಳವಾಗಿ ಗಂಧ ಬಳಿದು, ಕುಂಕುಮವಿಟ್ಟು, ತೆಂಗಿನಕಾಯಿ ನೀರು ಚಿಮುಕಿಸಿದ್ದ. ಅದೆಲ್ಲ ಒಣಗಿ ಗಾರೆಯಾಗಿತ್ತು.

“ಕೆರೆದು ತೆಗೀಬೋದಲ್ವಾ ಸಾರ್?” ಎಂದು ವೇದಾವತಿ ಕೇಳಿದಳು.

ಉಪಕೇಂದ್ರದ ಅಧಿಕಾರಿ ಚಂದ್ರಶೇಖರಯ್ಯನವರು ಎರಡೂ ಕೆನ್ನೆ ಮುಟ್ಟಿಕೊಂಡರು. “ಪೂಜೆ ಆದ ಗಂಧ ಕೆರೆಯೋದಾ? ಮುಂದಿನ ಆಯುಧಪೂಜೆಗೆ ತೊಳೆದು ಹೊಸದು ಇಡೋದು ಪದ್ಧತಿ. ಆಗ ಬಾಮ್ಮ.”

“ಏನಾರ ಆಗ್ಬುಟ್ರೆ ನನ್ ತಲೆಗೆ ಬತ್ತೈತೆ ಕಣಮ್ಮ. ಹಚ್ಚಿದೋನು ನಾನು,” ಎಂದು ರುದ್ರಯ್ಯನೂ ದನಿಗೂಡಿಸಿದ.

ವೇದಾವತಿ ಬಿಡಲಿಲ್ಲ. ಪಾವಗಡದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಮೈದುನ ಮುತ್ತುರಾಜನನ್ನು ಕಾಡಿ ಬೇಡಿ, ಬೇರೆಯದೇ ಒಂದು ಕೀಬೋರ್ಡನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಖಾಸಗಿ ಕೀಬೋರ್ಡು ಸರ್ಕಾರಿ ಲ್ಯಾಪ್‌ಟಾಪಿಗೆ ಆಜ್ಞೆ ಮಾಡುವುದು ಸರಿಯೇ ಎಂದು ಚಂದ್ರಶೇಖರಯ್ಯನವರು ಬಹಳ ಹೊತ್ತು ಯೋಚಿಸಿ, ಅದನ್ನು ದಾನವಾಗಿ ಕೊಟ್ಟರೆ ಮಾತ್ರ ಸರಿ ಎಂಬ ತೀರ್ಮಾನಕ್ಕೆ ಬಂದರು. ಅವಳು ಬರೆದುಕೊಟ್ಟಳು.

“ವಾಪಸ್ ಯಾವಾಗ ಕೊಡ್ತೀರಾ ಸಾರ್?”

“ದಾನ ಕೊಟ್ಟು ವಾಪಸ್ ಕೇಳ್ತಾರೇನಮ್ಮ? ಪಾಪ ಬರುತ್ತೆ.”

ಕೀಬೋರ್ಡು ಸಿಕ್ಕಿಸಿ ಎಫ್ ಒನ್ ಒತ್ತಿದ ಕೂಡಲೇ ಲ್ಯಾಪ್‌ಟಾಪ್ ಗೊರ್ರೆಂದು ಎದ್ದಿತು. ವೇದಾವತಿಗೆ ಕೈಮುಗಿಯುವಷ್ಟು ಖುಷಿಯಾಯಿತು. ಸರ್ಟಿಫಿಕೇಟ್ ಹೊರಬಂತು. ದಿನಾಂಕ: 01-01-2009. ಹೆಸರು: ವೇದಾವತಿ. ವಯಸ್ಸು: ಎಂಟು.

“ಸಾರ್, ತಾರೀಕು ತಪ್ಪಾಗೈತೆ. ಅಲ್ಲೇ ಮೂಲೇಲಿ ಒತ್ತಿದ್ರೆ ಸರಿ ಮಾಡ್ಬೋದು. ಬಿಲ್ಲೆ ಬ್ಯಾಟರಿ ಹಾಕ್ಸಿದ್ರೆ ದಿನಾ ನೆಟ್ಟಗಿರ್ತೈತೆ. ಅದನ್ನೂ ನಾನೇ ತಂದ್ಕೊಡ್ತೀನಿ.”

ಚಂದ್ರಶೇಖರಯ್ಯನವರು ಸರಿಪಡಿಸಲೆಂದೇ ಮೌಸು ಹಿಡಿದಿದ್ದರು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅವರ ಹೆಸರು, ಹುದ್ದೆ, ಅದರ ಕೆಳಗೆ ‘ನಿವೃತ್ತಿಗೆ ಬಾಕಿ: ಹದಿನೇಳು ವರ್ಷ’ ಎಂಬುದು ಕಣ್ಣಿಗೆ ಬಿತ್ತು. ಹೊಸ್ತಿಲ ಹೊರಗಿನ ಲೆಕ್ಕದಲ್ಲಿ ಅವರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಯ ಶಾಲು ಆಗಲೇ ಬೀರುವಿನಲ್ಲಿತ್ತು. ಅವರು ಮೌಸಿನಿಂದ ಕೈ ತೆಗೆದು, ಕುರ್ಚಿಗೆ ಒರಗಿ, ಮದುಮಗನಂತೆ ನಕ್ಕರು.

“ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ,” ಎಂದರು.

ಮಧ್ಯಾಹ್ನದೊಳಗೆ ಸುತ್ತೋಲೆ ಹೊರಬಿತ್ತು. ‘ಈ ಉಪಕೇಂದ್ರದ ಹೊಸ್ತಿಲ ಒಳಗೆ ಲ್ಯಾಪ್‌ಟಾಪಿನಲ್ಲಿ ಕಂಡ ತಾರೀಕೇ ತಾರೀಕು. ಹೊರಗಿನ ತಾರೀಕನ್ನು ಸಾರ್ವಜನಿಕರು ಚಪ್ಪಲಿಯೊಂದಿಗೆ ಹೊರಗೇ ಬಿಟ್ಟು ಬರತಕ್ಕದ್ದು. ತಾರೀಕು ತಿದ್ದುವುದನ್ನು ದಾಖಲೆ ತಿದ್ದಿದ ಅಪರಾಧವೆಂದು ಪರಿಗಣಿಸಲಾಗುವುದು.’ ಸಂಜೆ ಐದಕ್ಕೆ ಲ್ಯಾಪ್‌ಟಾಪಿನ ಪ್ಲಗ್ಗು ತಪ್ಪದೆ ಕೀಳುವ ಹೊಣೆಯನ್ನು ರುದ್ರಯ್ಯನಿಗೆ ವಹಿಸಲಾಯಿತು. ರಾತ್ರಿ ಅದಕ್ಕೆ ತಾರೀಕು ಮರೆಯಬೇಕಲ್ಲ!

ಅಪ್ರಾಪ್ತ ಬಾಲಕಿಯೊಬ್ಬಳೇ ಅಹವಾಲು ಹೇಳುವಂತಿಲ್ಲವಾದ್ದರಿಂದ ವೇದಾವತಿ ಮರುದಿನ ಪೋಷಕರಾಗಿ ಅತ್ತೆ ಓಬಳಮ್ಮನನ್ನು ಕರೆತಂದಳು. ಚಂದ್ರಶೇಖರಯ್ಯನವರು ಕನ್ನಡಕ ಏರಿಸಿ ಅರ್ಜಿ ಓದಿದರು.

“ಎಂಟು ವರ್ಷದ ಹುಡುಗಿ. ಗಂಡನ ಹೆಸರು ಅಂತ ಬರೆದಿದೆ. ಇದು ಬಾಲ್ಯವಿವಾಹ. ಮಾಡಿಸಿದವರು ಯಾರು?”

ಓಬಳಮ್ಮನ ಮುಖ ಬಿಳಿಚಿಕೊಂಡಿತು. “ಅಯ್ಯೋ ದೇವುಡಾ! ಸ್ವಾಮಿ, ಈ ಹುಡ್ಗಿಗೆ ಮದ್ವೇನೇ ಆಗಿಲ್ಲ ಅಂತ ಬರ್ಕೊಂಬುಡಿ. ಇವ್ಳು ನಮ್ಮನೇಗೆ ಚುಟ್ಟಾಲು, ಬಂದೋಗೋ ನೆಂಟ್ರು.”

“ಅತ್ತೆ, ಹಂಗಾದ್ರೆ ಭವ್ಯ?”

“ಸುಮ್ಕಿರೇ! ಜೈಲಿಗೆ ಹೋಗೋಳು ನಾನು.”

ಗಂಡನ ಹೆಸರನ್ನು ಹೊಡೆದುಹಾಕಲಾಯಿತು. ಮಗಳು ಇನ್ನೂ ಹುಟ್ಟಿಲ್ಲವೆಂದು ಷರಾ ಬರೆಯಲಾಯಿತು. ಅಂಗನವಾಡಿ ಕೆಲಸಕ್ಕೆ ಹದಿನೆಂಟು ತುಂಬಿರಬೇಕಾದ್ದರಿಂದ, ಹತ್ತು ವರ್ಷ ಬಿಟ್ಟು ಬರುವಂತೆ ಚಂದ್ರಶೇಖರಯ್ಯನವರು ತಂದೆಯ ಅಕ್ಕರೆಯಿಂದಲೇ ಹೇಳಿದರು.

“ನಾಳೆ ಶುಕ್ರವಾರ ಕೊನೇ ದಿನ ಸಾರ್!” ಎಂದಳು ವೇದಾವತಿ.

“ಇಲ್ಲಿ ಶುಕ್ರವಾರ ಬರೋದೇ ಇಲ್ಲವಲ್ಲಮ್ಮ. ಆತುರ ಯಾಕೆ?”

“ಮತ್ತೆ ದಿನಾ ಬೆಳಿಗ್ಗೆ ಒಂದನೇ ತಾರೀಕೇ ಆದ್ರೆ, ಹತ್ತು ವರ್ಷ ಹೆಂಗ್ ಕಳೀತೈತೆ ಸಾರ್?”

ಅವರು ಅವಳನ್ನು ಕರುಣೆಯಿಂದ ನೋಡಿದರು. “ಎಂಟು ವರ್ಷದ ಮಗುಗೆ ಇದೆಲ್ಲ ಅರ್ಥ ಆಗಲ್ಲ.”

ಇಂಥ ಕಡೆ ಜನಕ್ಕೆ ಸಿಟ್ಟು ಬರಬೇಕು. ಬರಲಿಲ್ಲ. ಹೊರಗೆ ಬೇವಿನ ಮರದಡಿ ಕುಳಿತ ಓಬಳಮ್ಮ ಎಲೆಯಡಿಕೆ ಮೆಲ್ಲುತ್ತ ಸೊಸೆಗೆ ಸಮಾಧಾನ ಹೇಳಿದಳು: “ಬೇರೆ ಆಫೀಸ್ನಾಗೆ ನಾಳೆ ಬಾ, ನಾಳೆ ಬಾ ಅಂತ ತಿರುಗುಸ್ತಾರೆ. ಈವಯ್ಯ ಪಾಪ, ಹತ್ತು ವರ್ಷ ಅಂತ ಬಾಯ್ಬುಟ್ಟು ಹೇಳವ್ರೆ.”

ಶುಕ್ರವಾರ ಹೊರಗೆ ಮಾತ್ರ ಬಂದು ಹೋಯಿತು. ಟೀಚರ್ ಇಲ್ಲದೆ ಅಂಗನವಾಡಿಗೆ ಬಿದ್ದ ಬೀಗ ಬಿದ್ದಂತೆಯೇ ಇತ್ತು. ಇತ್ತ ಊರಿನ ಹಿರಿಯರಿಗೆ ಹೊಸದೊಂದು ಹೊಳೆದಿತ್ತು. ಜನವರಿ ಒಂದು ಎಂದರೆ ಹೊಸ ವರ್ಷ. ಹೊಸ ವರ್ಷದ ದಿನ ಸಾಹೇಬರ ಮುಂದೆ ಬರಿಗೈಯಲ್ಲಿ ನಿಲ್ಲುವುದುಂಟೇ? ಅಂದಿನಿಂದ ದಿನಾ ಬೆಳಿಗ್ಗೆ ಉಪಕೇಂದ್ರದ ಮುಂದೆ ಸೇಬು, ಸ್ವೀಟ್ ಬಾಕ್ಸು, ಹಾರ ಹಿಡಿದವರ ಸಾಲು. ಚಂದ್ರಶೇಖರಯ್ಯನವರು ದಿನಾ ಹೊಸದಾಗಿ ನಾಚಿಕೊಂಡು ಸ್ವೀಕರಿಸುತ್ತಿದ್ದರು. ಶಾಲನ್ನೂ ಹೊದೆಯತೊಡಗಿದ್ದರು. ತಿಂದು ಉಳಿದ ಹಣ್ಣನ್ನು ರುದ್ರಯ್ಯ ಸಂಜೆ ಪಾವಗಡದ ಹಣ್ಣಿನಂಗಡಿಗೆ ವಾಪಸ್ಸು ಮಾರುತ್ತಿದ್ದ. ಬೆಳಿಗ್ಗೆ ಅವೇ ಸೇಬು ಮತ್ತೆ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದವು.

ತಿಂಗಳು ಕಳೆದು ವೇದಾವತಿಯೂ ಸಾಲಿನಲ್ಲಿ ನಿಂತಳು. ಗಾರ್ಮೆಂಟ್ಸಿನವರೂ ವಯಸ್ಸಿನ ದಾಖಲೆ ಕೇಳಿದ್ದರು. ಲ್ಯಾಪ್‌ಟಾಪಿನ ಪಕ್ಕದಲ್ಲಿ ಅವಳ ಕೀಬೋರ್ಡಿಗೂ ಗಂಧ, ಕುಂಕುಮ ಇಟ್ಟಿದ್ದರು. ಎಫ್ ಒನ್ ಗುಂಡಿ ಒಂದನ್ನು ಮಾತ್ರ ಹುಷಾರಾಗಿ ಬಿಟ್ಟಿದ್ದರು.

“ಹ್ಯಾಪಿ ನ್ಯೂ ಇಯರ್ ಸಾರ್,” ಎಂದು ಅವಳು ಸೇಬು ಚಾಚಿದಳು. ಬೇರೇನನ್ನೂ ಕೇಳಲಿಲ್ಲ.

“ಜಾಣೆ,” ಎಂದು ಚಂದ್ರಶೇಖರಯ್ಯನವರು ಅವಳ ತಲೆ ಸವರಿ, ಮೇಜಿನ ಖಾನೆಯಿಂದ ಒಂದು ಪೆಪ್ಪರ್‌ಮೆಂಟು ತೆಗೆದು ಕೈಗಿಟ್ಟರು. ಚಿಕ್ಕ ಮಕ್ಕಳು ಬಂದರೆ ಕೊಡಲೆಂದು ಅವರು ಇಟ್ಟುಕೊಂಡಿರುತ್ತಿದ್ದರು.

ಅವಳು ಥ್ಯಾಂಕ್ಸ್ ಹೇಳಿ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಪೆಪ್ಪರ್‌ಮೆಂಟನ್ನು ಮಗಳಿಗೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು. ಒಳಗಿನ ಲೆಕ್ಕದಲ್ಲಿ ಆ ಮಗಳು ಇನ್ನೂ ಹುಟ್ಟಬೇಕಿತ್ತು.