ದೊಡ್ಡವ್ವನ ಆನ್‌ಲೈನ್ ಖಾರ

ಕೊರೊನಾ ಕಾಲದಲ್ಲಿ ದೇಶದ ವ್ಯಾಪಾರವೆಲ್ಲ ಮೊಬೈಲಿನೊಳಗೆ ಹೊಕ್ಕಿತಲ್ಲ, ಅಲ್ಲಿಗೂ ತಾವಾಗಿಯೇ ಬಂದ ಗಿರಾಕಿಗಳನ್ನು ಬೈದು ಓಡಿಸಿದವರು ಯಾರಾದರೂ ಇದ್ದರೆ ಅದು ನಮ್ಮ ದೊಡ್ಡವ್ವ ಒಬ್ಬಳೇ! ಸಾಕ್ಷಿ ಬೇಕೇ? ನಾನಿದ್ದೇನೆ.

ಬ್ಯಾಡಗಿಯಲ್ಲಿ ದೊಡ್ಡವ್ವನ ಮಸಾಲೆ ಖಾರಕ್ಕೆ ದೊಡ್ಡ ಹೆಸರು. ಎರಡು ದಿನ ಇದ್ದು ಹೋಗೋಣವೆಂದು ರಾಣೇಬೆನ್ನೂರಿನಿಂದ ಬಂದ ನಾನು ಲಾಕ್‌ಡೌನಿನಲ್ಲಿ ಅವಳ ಮನೆಯಲ್ಲೇ ಸಿಕ್ಕಿಬಿದ್ದೆ. ಮಾರುಕಟ್ಟೆ ಬಂದ್, ಬಸ್ಸು ಬಂದ್, ಬಾಗಿಲಿಗೆ ಬರುತ್ತಿದ್ದ ಗಿರಾಕಿಗಳೂ ಬಂದ್. ಕುಟ್ಟಿಸಿಟ್ಟ ಖಾರದ ಪುಡಿಯೆಲ್ಲ ಡಬ್ಬಿಗಳಲ್ಲೇ ಕುಳಿತಿತ್ತು. ನಾನಾದರೂ ಸುಮ್ಮನಿರಬಾರದಿತ್ತೇ? ಮೊಬೈಲಿನಲ್ಲಿ ಒಂದು ಗ್ರೂಪು ಮಾಡಿದೆ. ಖಾರ ಒಯ್ಯಲು ಹಾಲಿನ ವ್ಯಾನಿನವರನ್ನು ಒಪ್ಪಿಸಿದೆ. ಓಣಿಯವರಿಗೂ ಅನುಕೂಲವಾಗಲೆಂದು ದುಡ್ಡು ಹಾಕುವ ಕ್ಯೂಆರ್ ಕೋಡಿನ ಹಾಳೆಯನ್ನು ಬಾಗಿಲಿಗೆ ಅಂಟಿಸಿದೆ.

ಮೊದಲ ಶುಕ್ರವಾರವೇ ಯಾರ ಫೋನಿನಲ್ಲೂ ಅದು ಸ್ಕ್ಯಾನ್ ಆಗಲಿಲ್ಲ. ಹೋಗಿ ನೋಡಿದರೆ ಕೋಡಿನ ತುಂಬ ಅರಿಷಿಣ, ಕುಂಕುಮ!

“ಲಕ್ಷ್ಮಿ ಬರೋ ದಾರಿ ಅಂತ ನೀನ ಹೇಳಿದ್ದಿಲ್ಲ? ಪೂಜಾ ಮಾಡೇನಿ,” ಎಂದಳು ದೊಡ್ಡವ್ವ.

“ದಾರೀನ ಮುಚ್ಚೀದಿ ದೊಡ್ಡವ್ವಾ!”

ಆರ್ಡರುಗಳ ಕಥೆ ಇನ್ನೂ ಚೆಂದ. ಒಬ್ಬರು ಎರಡು ಕಿಲೋ ಕೇಳಿದರು. ನಾನು ಕುಣಿದಾಡುವಷ್ಟರಲ್ಲಿ ಈಕೆ ವಿಡಿಯೋ ಕಾಲ್ ಮಾಡಿಸಿದಳು.

“ಮನ್ಯಾಗ ಎಷ್ಟ ಮಂದಿ ಅದೀರಿ?”

“ಮೂರು ಮಂದಿರಿ.”

“ಮೂರು ಮಂದಿಗೆ ಎರಡು ಕಿಲೋ? ಅದೇನ ಹೊಟ್ಟಿ ಐತೋ ಒಲಿ ಐತೋ? ಪಾವ್ ಕಿಲೋ ಒಯ್ರಿ, ಸಾಕು.”

ಅವರು ಆ ಕಾಲು ಕಿಲೋವನ್ನೂ ಒಯ್ಯಲಿಲ್ಲ.

ಹಾವೇರಿಯ ಒಬ್ಬ ಹೆಣ್ಣುಮಗಳು ಗ್ರೂಪಿನಲ್ಲಿ, ‘ರುಚಿ ಇದೆ, ಖಾರ ಸಾಲದು’ ಎಂದು ಬರೆದು ಐದಕ್ಕೆ ಮೂರು ಚುಕ್ಕಿ ಕೊಟ್ಟಳು. ಉಳಿದ ಎರಡು ಚುಕ್ಕಿ ಎಲ್ಲಿ ಹೋದವೆಂದು ದೊಡ್ಡವ್ವ ತಾನೇ ಫೋನ್ ಮಾಡಿದಳು. “ಬ್ಯಾಡಗಿ ಮೆಣಸಿನಕಾಯಿ ಇರೂದು ಬಣ್ಣಕ್ಕವ್ವಾ. ಬಾಯಿ ಸುಡಬೇಕಂದ್ರ ಕೆಂಡ ತಿನ್ನು!” ಸಂಜೆಯೊಳಗೆ ಹನ್ನೊಂದು ಮಂದಿ ಗ್ರೂಪು ಬಿಟ್ಟರು. ನಾನು ತಲೆ ಮೇಲೆ ಕೈ ಹೊತ್ತು ಕುಳಿತರೆ, “ಹೋಗ್ಲಿ ಬಿಡ, ತಿನ್ನಾಕ ಬರದವರು,” ಎಂದಳು! ಇಂಥವಳಿಂದ ವ್ಯಾಪಾರ ಮಾಡಿಸಲು ಆ ಲಕ್ಷ್ಮಿಗಾದರೂ ಸಾಧ್ಯವೇ?

ಒಂದು ಮಧ್ಯಾಹ್ನ ಹಲಗೇರಿಯವರೊಬ್ಬರು ಫೋನ್ ಮಾಡಿ ಅರ್ಧ ಕಿಲೋ ಕೇಳಿದರು. ನಾನು ಕೈಮುಗಿದು ಬೇಡಿಕೊಂಡರೂ ದೊಡ್ಡವ್ವ ಫೋನ್ ಕಸಿದುಕೊಂಡಳು.

“ಅಡಗಿ ಯಾರು ಮಾಡ್ತಾರ? ನಿನ್ನ ಹೇಣ್ತಿಗೆ ಕೊಡಪಾ ಫೋನು. ಎಷ್ಟು ಹಾಕಬೇಕಂತ ಹೇಳ್ತೇನಿ.”



“ಅಕಿ ಹೋದ್ಳರಿ ಅಮ್ಮಾರ. ಇದ ಕೊರೊನಾ ಬ್ಯಾನ್ಯಾಗ. ಹದಿನೈದ ದಿನಾತು. ಮಕ್ಕಳು ಅವ್ವ ಮಾಡೋ ಸಾರ ಬೇಕಂತಾವು. ನನಗ ಬರಂಗಿಲ್ಲ.”

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನಿಂದ ವಿಡಿಯೋ ಕಾಲ್ ಮಾಡಿಸಿ, ಫೋನನ್ನು ಗೋಡೆಗೆ ಆನಿಸಿ ಅದರ ಮುಂದೆ ಕುಳಿತಳು.

“ಮನ್ಯಾಗ ಇದ್ದ ಖಾರಾನ ತಗೋ. ಬ್ಯಾಳಿ ಕುದಿಯಾಕ ಇಡು. ಗಡಿಬಿಡಿ ಮಾಡಬ್ಯಾಡ, ನಾ ಇಲ್ಲೇ ಅದೇನಿ.”

ಒಂದು ತಾಸಿನ ಮೇಲಾಯಿತು. ನಡುನಡುವೆ ಬಂದ ಗಿರಾಕಿಗಳ ಕರೆಗಳನ್ನು ನಾನೇ ಒಂದೊಂದಾಗಿ ಕತ್ತರಿಸಿದೆ. ಕೊನೆಗೆ ಪರದೆಯ ಮೇಲೆ ಇಬ್ಬರು ಹುಡುಗಿಯರು ಅನ್ನಕ್ಕೆ ಸಾರು ಕಲಸಿಕೊಂಡು ಕುಳಿತರು. ಸಣ್ಣವಳು ಒಂದು ತುತ್ತು ತಿಂದು ತಲೆಯೆತ್ತಿದಳು.

“ಅವ್ವಂದರಂಗ ಆಗಿಲ್ಲ ಅಜ್ಜಿ.”

“ಆಗೂದಿಲ್ಲವ್ವಾ,” ಎಂದಳು ದೊಡ್ಡವ್ವ. “ನಾಳೆ ಮತ್ತ ಮಾಡೂಣು.”