ಅಲುಗಿದರೆ ಜಪಾನಿ ಫೋಟೋ

ಫೋಟೋ ಸ್ಟುಡಿಯೋ ಇಟ್ಟವನಿಗೆ ಫಜೀತಿಗಳು ಹೇಳಿಕಳಿಸದೆ ಬರುತ್ತಲೇ ಇರುತ್ತವೆ. ಹಲ್ಲಿಲ್ಲದವರು ಹಲ್ಲು ಕಾಣುವ ಹಾಗೆ ತೆಗೆಯಿರಿ ಅನ್ನುತ್ತಾರೆ, ಬೋಳುತಲೆಯವರು ಒಂದಿಷ್ಟು ಕ್ರಾಪು ತಿದ್ದಿಕೊಡಿ ಅನ್ನುತ್ತಾರೆ. ಇವಕ್ಕೆಲ್ಲ ನನ್ನ ಹತ್ತಿರ ಉತ್ತರವಿತ್ತು. ಆದರೆ ಎಪ್ಪತ್ತರ ದಶಕದ ಶುರುವಿನಲ್ಲಿ ಬಳ್ಳಾರಿಯ ಕೌಲ್ ಬಜಾರದ ನನ್ನ ಅಂಗಡಿಗೆ ಜಪಾನಿನ ಬೀದಿ ಫೋಟೋಗಳು ಬಂದವು ನೋಡಿ, ಅಂದಿನಿಂದ ಚೆನ್ನಾಗಿ ಬಂದ ಫೋಟೋ ಯಾವುದು, ಕೆಟ್ಟದ್ದು ಯಾವುದು ಅನ್ನುವುದೇ ನನಗೆ ಗೊತ್ತಾಗದೆ ಹೋಯಿತು.

ಬಗ್ಗಿದ್ದೇ ಬಗ್ಗಿದ್ದು

ಅದಿರು ನೋಡಲು ಬಂದ ಜಪಾನಿ ಇಂಜಿನಿಯರ್ ಒಬ್ಬರು ಕಂಟೋನ್ಮೆಂಟಿನ ಬಂಗಲೆಯೊಂದರಲ್ಲಿ ಇಳಿದುಕೊಂಡಿದ್ದರು. ಒಂದು ದಿನ ಬಂದು ಫಿಲ್ಮ್ ರೋಲು ತೊಳೆಯಲು ಕೊಟ್ಟರು. ತೊಳೆದು, ಪ್ರಿಂಟು ಹಾಕಿ ನೋಡಿದರೆ ಒಂದೂ ನೆಟ್ಟಗಿಲ್ಲ. ಟಾಂಗಾದ ಗಾಲಿ ಇದೆ, ಕುದುರೆ ಇಲ್ಲ. ಯಾರದೋ ಅರ್ಧ ಮುಖ, ಅದೂ ಅಲುಗಿದ್ದು. ಬೀದಿಗೆ ಬೀದಿಯೇ ಒಂದು ಕಡೆ ವಾಲಿದೆ. ಎಲ್ಲದರ ಮೇಲೂ ರವೆ ಚೆಲ್ಲಿದ ಹಾಗೆ ಕಾಳು ಎದ್ದಿದೆ. ನನ್ನ ಕೆಮಿಕಲ್ಲೇ ಕೆಟ್ಟಿತು, ಪರದೇಶದವರ ಮುಂದೆ ಮಾನ ಹೋಯಿತು ಅಂದುಕೊಂಡೆ.

ಸಂಜೆ ಅವರು ಬಂದರು. ನಾನು 'ಸಾರಿ' ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರ ಮುಖ ಅರಳಿತು. ಸೊಂಟ ಬಗ್ಗಿಸಿ ನಮಸ್ಕರಿಸಿದರು. ನಾನೂ ಬಗ್ಗಿದೆ. ಅವರು ಇನ್ನೂ ಬಗ್ಗಿದರು. ನಾನೂ ಬಿಡಲಿಲ್ಲ. ಕೊನೆಗೆ ನನ್ನ ಹಣೆ ಗಾಜಿನ ಕೌಂಟರಿಗೆ ಬಡಿದಾಗ ಮರ್ಯಾದೆ ಮುಗಿಯಿತು.

ಮರುದಿನ ನನಗೊಂದು ಜಪಾನಿ ಪತ್ರಿಕೆ ಕಾಣಿಕೆ ತಂದರು. ಅದರ ತುಂಬ ಇಂಥವೇ ಫೋಟೋ! ಟೋಕಿಯೋದ ಹೊಸ ಹುಡುಗರು ಹೀಗೇ ತೆಗೆಯುತ್ತಾರಂತೆ. ಒಬ್ಬ ಬೀದಿನಾಯಿಯ ಹಾಗೆ ಓಣಿ ಓಣಿ ಅಲೆಯುತ್ತ ಕ್ಲಿಕ್ಕಿಸುತ್ತಾನೆ. ಇನ್ನೊಬ್ಬ ಗುರುತಿಲ್ಲದವರ ಮೂಗಿಗೇ ಫ್ಲ್ಯಾಷ್ ಹಿಡಿಯುತ್ತಾನೆ. ಮತ್ತೊಬ್ಬ ಕ್ಯಾಮೆರಾದೊಳಗೆ ಇಣುಕುವುದೇ ಇಲ್ಲ, ಸೊಂಟದ ಹತ್ತಿರ ಹಿಡಿದು ಒತ್ತಿಬಿಡುತ್ತಾನೆ. ಅಷ್ಟನ್ನೂ ಅವರು ಹರಕು ಇಂಗ್ಲಿಷಿನಲ್ಲಿ, ಅಂಗಡಿ ತುಂಬ ಓಡಾಡಿ ಮಾಡಿ ತೋರಿಸಿದರು.

ಮೂಲೆಯಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪ ಪತ್ರಿಕೆ ತಿರುವಿ ನಿಟ್ಟುಸಿರು ಬಿಟ್ಟರು. "ಚೊಲೊ ಕ್ಯಾಮೆರಾ ಎಲ್ಲಾ ಹೊರದೇಶಕ್ಕ ಮಾರಿಬಿಟ್ಟಾರ. ಕೆಟ್ಟಿದ್ದು ತಮ್ಮ ಹುಡುಗರಿಗಿ ಕೊಟ್ಟಾರ, ಪಾಪ."

ಬಲದಿಂದ ಎಡಕ್ಕೆ

ಆ ಪತ್ರಿಕೆಯನ್ನು ಹೇಗೆ ಹಿಡಿದರೂ ತಲೆಕೆಳಗಾದಂತೆಯೇ ಕಾಣುತ್ತಿತ್ತು. ಪಕ್ಕದ ಅಂಗಡಿಯ ಟೇಲರ್ ಸಾಹೇಬರನ್ನು ಕರೆದೆ.

"ಭಾಯ್, ಇದರದು ತಲಿ ಯಾವ ಕಡಿ, ಕಾಲು ಯಾವ ಕಡಿ?"

"ನೀವು ಹಿಂದಿನಿಂದ ತಗದೀರಿ. ನಮ್ಮ ಉರ್ದು ಪುಸ್ತಕದಂಗ ಬಲಗಡಿಂದ ತಗೀಬೇಕು ಇದನ್ನ."

ನಿಜ, ಹಾಗೆ ತೆಗೆದರೆ ಮೊದಲ ಪುಟ ಮೊದಲಿಗೇ ಬಂತು. ಆದರೆ ಮಧ್ಯಾಹ್ನದ ಚಹಾ ಹೊತ್ತಿಗೆ ಟೇಲರ್ ಸಾಹೇಬರಿಗೆ ಜಪಾನಿ ಓದಲು ಬರುತ್ತದೆ ಅಂತ ಓಣಿಯೆಲ್ಲ ಸುದ್ದಿ. ರೂಪನಗುಡಿಯ ರೈತರೊಬ್ಬರು ಹಾಡದ ಟ್ರಾನ್ಸಿಸ್ಟರ್ ಮತ್ತು ಅದರ ಜೊತೆ ಬಂದ ಜಪಾನಿ ಚೀಟಿ ಹಿಡಿದು ಬಂದೇಬಿಟ್ಟರು.

"ನನಗ ಬರಂಗಿಲ್ಲರೀ" ಅಂದರು ಸಾಹೇಬರು.

"ಕಲಿತೋರು ಹಂಗ ಅಂತಾರ. ಓದ್ರಿ, ನೋಡೂಣು."

ಬಿಡುವವರಲ್ಲ. ಸಾಹೇಬರು ಬೇಸತ್ತು, ಚೀಟಿಯ ಮೇಲೆ ಬಲದಿಂದ ಎಡಕ್ಕೆ ಬೆರಳಾಡಿಸಿ, "ಸೆಲ್ಲು ಬದಲಿ ಮಾಡು ಅಂತ ಬರದಾರ" ಅಂದರು. ಸೆಲ್ಲು ಬದಲಿಸಿದರು. ರೇಡಿಯೋ ಹಾಡಿತು.

ಆಮೇಲೆ ನನಗೂ ಅನುಮಾನ ಬಂತು, ಇವರಿಗೆ ನಿಜವಾಗಿ ಬರುತ್ತದೆಯೋ ಏನೋ. ಪತ್ರಿಕೆಯಲ್ಲಿ ಅತಿ ಮಸುಕಾದ ಫೋಟೋ ತೋರಿಸಿ, "ಇದರ ಕೆಳಗ ಏನು ಬರದಾರ, ಭಾಯ್?" ಅಂದೆ.

ಅವರು ಬಹಳ ಹೊತ್ತು ನೋಡಿದರು. "ಇದಕ್ಕೂ ಅದನ್ನ ಬರದಾರ. ಸೆಲ್ಲು ಬದಲಿ ಮಾಡಬೇಕಂತ."

ಖಾಲಿ ಬೀದಿ

ನಾನೂ ಒಂದು ಕೈ ನೋಡಿಯೇಬಿಡೋಣ ಅಂತ ಒಂದು ಬೆಳಿಗ್ಗೆ ಕ್ಯಾಮೆರಾ ಹಿಡಿದು ಬಜಾರಕ್ಕಿಳಿದೆ. ಯಾರಿಗೂ ಹೇಳದೆ, ಯಾರನ್ನೂ ಕೇಳದೆ ತೆಗೆಯಬೇಕು, ಅದೇ ಜಪಾನಿ ಪದ್ಧತಿ. ಆದರೆ ಕ್ಯಾಮೆರಾ ಕಂಡರೆ ಸಾಕು, ನಮ್ಮ ಜನ ನೆಟ್ಟಗೆ ನಿಲ್ಲುತ್ತಾರೆ. ಬಾಳೆಹಣ್ಣು ಮಾರುವವನು, "ತಡೀರಿ, ಅಂಗಿ ಹಾಕ್ಕೊಂಡು ಬರ್ತೀನಿ" ಅಂತ ಹಣ್ಣು ನನ್ನ ಸುಪರ್ದಿಗೆ ಬಿಟ್ಟು ಮನೆಗೇ ಹೋದ. ನಾನು ಎರಡು ಡಜನ್ ಮಾರಿಕೊಡಬೇಕಾಯಿತು.

ಹೀಗಾಗದು ಅಂತ ಕ್ಯಾಮೆರಾವನ್ನು ಸೊಂಟದ ಹತ್ತಿರ ಮುಚ್ಚಿಹಿಡಿದು, ಬೇರೆ ಕಡೆ ನೋಡುತ್ತ ಒತ್ತುತ್ತ ನಡೆದೆ. ಕಾಯಿಪಲ್ಲೆ ಮಾರುವ ಅವ್ವ ಒಬ್ಬಳು ಅದನ್ನು ನೋಡಿಬಿಟ್ಟಳು. "ಲೇ, ಮುನ್ಸಿಪಾಲ್ಟ್ಯಾರು ಕಳಿಸ್ಯಾರಲೇ! ರಸ್ತ್ಯಾಗ ಕುಂತೋರ ಫೋಟೋ ಹಿಡಿಯಾಕತ್ತಾರ!"

ಬುಟ್ಟಿ ಎದ್ದವು, ತಳ್ಳುಗಾಡಿ ಓಡಿದವು, ಅಂಗಡಿಯವರು ಮುಂದಿಟ್ಟ ಡಬ್ಬಿ ಒಳಗೆಳೆದುಕೊಂಡರು. ಕಣ್ಣುಮುಚ್ಚಿ ತೆರೆಯುವುದರೊಳಗೆ ಅಷ್ಟಗಲ ರಸ್ತೆ. ನಾನೊಬ್ಬನೇ.

ಅಷ್ಟರಲ್ಲಿ ನಿಜವಾದ ಮುನ್ಸಿಪಾಲಿಟಿಯವರೇ ಒಬ್ಬರು ಸೈಕಲ್ಲಿನಲ್ಲಿ ಬಂದರು. ಸೈಕಲ್ಲಿಳಿದು ರಸ್ತೆಯ ಆ ತುದಿ ಈ ತುದಿ ನೋಡಿದರು. ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ನನ್ನ ಕೈ ಹಿಡಿದುಕೊಂಡು ಅಂದರು, "ನಾಳಿಗೂ ಬರ್ರಿ."

ಓಡುವ ಹುಡುಗಿ

ಸಿರುಗುಪ್ಪದ ಭತ್ತದ ರೈತರೊಬ್ಬರು ಮಗಳ ಫೋಟೋಕ್ಕೆ ನನ್ನನ್ನು ಮನೆಗೇ ಕರೆಸಿದ್ದರು. ಕುರುಗೋಡಿನ ಗಂಡಿನ ಕಡೆಯವರಿಗೆ ಕಳಿಸಬೇಕು. ಆಗಲೇ ಎರಡು ಸಂಬಂಧ ತಪ್ಪಿದ್ದವು, ಹಾಗಾಗಿ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದಿದ್ದರು. ಹುಡುಗಿ ಗೋಡೆಗೆ ಕಟ್ಟಿದ ಚಾದರದ ಮುಂದೆ ಕಲ್ಲಿನ ಹಾಗೆ ಕೂತಳು. ಒಂದು ಫೋಟೋ ತೆಗೆದೆ. ಅಷ್ಟರಲ್ಲಿ ಅಂಗಳದಲ್ಲಿ ಒಣಹಾಕಿದ್ದ ಭತ್ತಕ್ಕೆ ಆಡು ಬಾಯಿ ಹಾಕಿತು. ಹುಡುಗಿ ಸೆರಗು ಸಿಕ್ಕಿಸಿ ಒಂದೇ ಓಟ. ನನ್ನ ಕೈ ಸುಮ್ಮನಿರಬೇಕಲ್ಲ? ಒತ್ತಿಬಿಟ್ಟೆ.

ಎರಡೂ ಪ್ರಿಂಟು ಸಿರುಗುಪ್ಪಕ್ಕೆ ಕಳಿಸಿದೆ. ಹುಡುಗಿಯ ಸೋದರಮಾವ ಚಾಳೀಸು ಕನ್ನಡಕ ಹಾಕದೆ, ಓಡುವ ಫೋಟೋವನ್ನೇ ಕುರುಗೋಡಿಗೆ ಕಳಿಸಿಬಿಟ್ಟರು. ಅದರಲ್ಲಿ ಮುಖ ಯಾವುದು, ಆಡು ಯಾವುದು ಅಂತ ಹುಡುಕಬೇಕು.

ತಂದೆ ನನ್ನ ಅಂಗಡಿಗೆ ಬೆವರುತ್ತ ಬಂದರು. "ಇದೂ ತಪ್ಪಿದ್ರ ನನ್ನ ಮಗಳ ಗತಿ ಏನ್ರಿ? ನಡೀರಿ, ನೀವ ಬಂದು ಹೇಳ್ರಿ." ಕೂತ ಫೋಟೋ ಜೇಬಿನಲ್ಲಿಟ್ಟುಕೊಂಡು ಇಬ್ಬರೂ ಕುರುಗೋಡಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ನನ್ನ ಕಡೆ ತಿರುಗಿ ನೋಡಲಿಲ್ಲ.

ಅಲ್ಲಿ ಗಂಡಿನ ಅಜ್ಜಿ ಪಡಸಾಲೆಯಲ್ಲಿ ಅದೇ ಫೋಟೋ ಹಿಡಿದು ಕೂತಿದ್ದರು. ನಾನು ತೊದಲುತ್ತ ಕೂತ ಫೋಟೋವನ್ನು ಮುಂದಿಟ್ಟೆ. ಅವರು ಅದರತ್ತ ನೋಡಲೇ ಇಲ್ಲ.

"ಹುಡುಗಿ ಓಡಾಕತ್ತಾಳ ಅಲ್ಲಪ್ಪಾ?"

"ಹೌದ್ರೀ ಅಮ್ಮಾ."

"ಬರ್ಲಿ ಬಿಡ್ರಿ. ನಮ್ಮ ಮನ್ಯಾಗ ಎಲ್ಲಾರೂ ಕುಂತೋರ ಅದಾರ. ಓಡೋಳು ಒಬ್ಬಾಕಿ ಬೇಕಾಗಿತ್ತು."

ತಂದೆ ಅಲ್ಲೇ ಕಂಬಕ್ಕೊರಗಿ ಕೂತು ಕಣ್ಣೊರೆಸಿಕೊಂಡರು. ಮದುವೆ ಚೆನ್ನಾಗಿಯೇ ಆಯಿತು.

ಆದರೆ ನನ್ನ ಕಷ್ಟ ಶುರುವಾಯಿತು. ಕೈಗುಣ ಇದೆ ಅಂತ ಸುದ್ದಿ ಹಬ್ಬಿ, ಕನ್ಯಾಪಿತೃಗಳೆಲ್ಲ ಬಂದು, "ನಮ್ಮಾಕಿದೂ ಹಂಗ ಅಲುಗಿದ್ದು ಬೇಕು" ಅನ್ನತೊಡಗಿದರು. ಕಂಟೋನ್ಮೆಂಟಿನ ಬಯಲಲ್ಲಿ ಹುಡುಗಿಯರನ್ನು ಓಡಿಸಿ ತೆಗೆದೆ. ಒಬ್ಬ ತಂದೆ ಮಾತ್ರ, "ನಮ್ಮಾಕಿಗಿ ನಾಚಿಕಿ, ಓಡಂಗಿಲ್ಲ. ನೀವ ಓಡ್ರಿ" ಅಂದುಬಿಟ್ಟರು.

ಏನು ಮಾಡಲಿ? ಓಡಿದೆ. ಬಯಲು ಸುತ್ತಿ ಬಂದು, ನಾಯಿಯ ಹಾಗೆ ತೇಕುತ್ತ ಅವಳ ಮುಂದೆ ನಿಂತೆ. ನನ್ನ ಅವಸ್ಥೆ ನೋಡಿ ಹುಡುಗಿ ನಾಚಿಕೆ ಮರೆತು ನಕ್ಕುಬಿಟ್ಟಳು. ಥಟ್ಟನೆ ತೆಗೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಫೋಟೋ ತೆಗೆದಿಲ್ಲ. ಕಣ್ಣು, ಮೂಗುತಿ, ನಗು, ಒಂದೊಂದು ಕೂದಲೂ ಬಿಡಿಬಿಡಿಯಾಗಿ ಬಂದಿತ್ತು.

ಹೆಮ್ಮೆಯಿಂದ ತಂದೆಯ ಕೈಗಿಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿ, ಮುಖ ಸಣ್ಣ ಮಾಡಿ ತಿರುಗಿ ಕೊಟ್ಟರು.

"ಇದು ಬ್ಯಾಡ್ರಿ. ಎಲ್ಲಾ ಕಾಣತೈತಿ."